ನಡುವೆ ನಿಂತ ಗುಳ್ಳೆ

ಗಾಜಿನ ಚೂರುಗಳು ತೀರಾ ಚೊಕ್ಕವಾಗಿದ್ದವು. ಒಡಕಮ್ಮನಿಗೆ ಮೊದಲು ಹೇಸಿಗೆ ಹುಟ್ಟಿದ್ದು ಅವುಗಳನ್ನು ನೋಡಿಯೇ.

"ಮುಂದಿನ ಫೋಟೋ ತೋರಿಸು," ಎಂದಳು.

ತಂಗಿ ಬೆರಳಾಡಿಸಿದಳು. ಮೊಬೈಲಿನ ಪರದೆಯಲ್ಲಿ ಅದೇ ತಕ್ಕಡಿ ಇನ್ನೊಂದು ಮಗ್ಗುಲಿನಿಂದ ಕಾಣಿಸಿತು. ಔಷಧದ ಪುಡಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೂಗುವ, ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಹಳೇ ಕಾಲದ ತಕ್ಕಡಿ. ಹತ್ತು ದಿನದ ಹಿಂದೆ ತಂಗಿಯ ಗಂಡನ ಇದೇ ವರ್ಕ್‌ಶಾಪಿನ ಮೂಲೆಯಲ್ಲಿತ್ತು. ತಂಗಿ ಅದರ ಚಿತ್ರ ತೆಗೆದು ಆನ್‌ಲೈನ್‌ಗೆ ಹಾಕಿ, ಬೇರೆ ಊರಿನ ಯಾರೋ ಒಬ್ಬನಿಗೆ ಮಾರಿ, ಪಾರ್ಸಲ್ ಮಾಡಿ ಕಳಿಸಿದ್ದಳು. ಈಗ ಪೆಟ್ಟಿಗೆಯ ಎಡಗಡೆಯ ಗಾಜು ಒಡೆದು ಮೇಜಿನ ಮೇಲೆ ಹರಡಿತ್ತು.

ಫೋಟೋಗಳ ಕೆಳಗೆ ಕೊಂಡವನ ದೂರು. ಆ ಜಾಲತಾಣದಲ್ಲಿ ಅವನು ತನಗೆ ತಾನೇ ಇಟ್ಟುಕೊಂಡ ಹೆಸರು 'ಪ್ರಾಮಾಣಿಕ'.

"ನಮಸ್ಕಾರ ಮೇಡಂ. ತುಂಬಾ ನೋವಿನಿಂದ ಬರೀತಿದೀನಿ. ಪಾರ್ಸಲ್ ಬಿಚ್ಚಿದ ಕೂಡ್ಲೇ ಎದೆ ಧಸಕ್ ಅಂತು. ವಾಪಸ್ ಕಳಿಸಿ ನಿಮಗೆ ತೊಂದರೆ ಕೊಡೋಕೆ ನನಗಿಷ್ಟ ಇಲ್ಲ. ಅರ್ಧ ಹಣ ಹಿಂದಿರುಗಿಸಿದ್ರೆ ಒಡೆದ ಮಾಲನ್ನ ನಾನೇ ಇಟ್ಕೊಳ್ತೀನಿ. ನಿಮ್ಮ ಈಗಿನ ಪರಿಸ್ಥಿತೀಲಿ ಕಂಪ್ಲೇಂಟು, ಸ್ಟೇಷನ್ನು ಅಂತ ಇನ್ನೊಂದು ತಲೆನೋವು ಬೇಡ ಅಲ್ವಾ."

"ಎಂಥ ನಯ ನೋಡು," ಎಂದಳು ಒಡಕಮ್ಮ. "ಓದಿದ ಮೇಲೆ ಕೈ ತೊಳ್ಕೋಬೇಕು ಅನಿಸುತ್ತೆ."

ಮೂವತ್ತೊಂದು ವರ್ಷ ಅವಳು ಒಂದು ಸರಕು ಸಾಗಣೆ ಕಂಪನಿಯ ನಷ್ಟ ಪರಿಶೀಲನೆಯ ಕೋಣೆಯಲ್ಲಿ ಕೂತಿದ್ದವಳು. ಲಾರಿಯಲ್ಲಿ ಒಡೆಯಿತೆಂದು ಜನ ತಂದು ಸುರಿಯುತ್ತಿದ್ದ ಕನ್ನಡಿ, ಟೀವಿ, ಬೇಸಿನ್ನುಗಳಲ್ಲಿ ನಿಜವಾಗಿ ದಾರಿಯಲ್ಲಿ ಒಡೆದದ್ದು ಯಾವುದು, ಮನೆಯಲ್ಲೇ ಒಡೆದುಕೊಂಡು ತಂದದ್ದು ಯಾವುದು ಎಂದು ಹೇಳುವುದು ಅವಳ ಕೆಲಸ. ಒಡಕಮ್ಮ ಎಂಬ ಅಡ್ಡಹೆಸರು ಅಲ್ಲಿ ಅಂಟಿಕೊಂಡದ್ದು, ನಿವೃತ್ತಿಯಾದರೂ ಬಿಡಲಿಲ್ಲ. ಅಷ್ಟು ವರ್ಷ ಅಷ್ಟು ಸುಳ್ಳುಗಳ ನಡುವೆ ಕೂತು ಅವಳ ಮೂಗು ಸದಾ ಸ್ವಲ್ಪ ಮೇಲಕ್ಕೆ ಮುರಿದುಕೊಂಡೇ ಇರುತ್ತಿತ್ತು.

ತಂಗಿಯ ಗಂಡ, ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು, ಕಾಣೆಯಾಗಿ ಅಂದಿಗೆ ನಲವತ್ತೊಂದು ದಿನ. ಅವನ ಕೆಲಸದ ಚೀಲ ಕಾಲುವೆಯ ದಂಡೆಯಲ್ಲಿ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಇನ್‌ಸ್ಪೆಕ್ಟರ್‌ನ ಕಣ್ಣು ಹೆಂಡತಿಯ ಮೇಲೆಯೇ ನೆಟ್ಟಿತ್ತು. ಗಂಡ ಬರುತ್ತಾನೆ ಎಂದುಕೊಂಡ ಹೆಂಗಸು ಅವನ ಜೀವದಂಥ ತಕ್ಕಡಿಯನ್ನು ಮೂವತ್ತೊಂದನೆಯ ದಿನಕ್ಕೆ ಮಾರುತ್ತಾಳೆಯೇ ಎಂದು ಅವನು ಕೇಳಿದ್ದ. ಇವತ್ತು ಮಧ್ಯಾಹ್ನ ಒಂದೂವರೆಗೆ ಮತ್ತೆ ಬರಹೇಳಿದ್ದ. ಈ ಸಲ ಹೋದರೆ ವಾಪಸ್ ಕಳಿಸುವುದಿಲ್ಲ ಎಂದು ಬೀದಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು.

"ಕೊಟ್ಟು ಕೈ ತೊಳ್ಕೊಳೋಣ ಅಕ್ಕ," ಎಂದಳು ತಂಗಿ. "ಅರ್ಧ ತಾನೇ ಕೇಳ್ತಿರೋದು."

"ಯಾಕೆ ಕೊಡ್ಬೇಕು? ಇಲ್ಲಿ ನೋಡು. ದಾರೀಲಿ ಒಡೆದ ಗಾಜು ಹೀಗಿರಲ್ಲ. ಎರಡು ದಿನ ಲಾರೀಲಿ ಕುಲುಕಾಡಿ ಚೂರಿಗೆ ಚೂರು ಉಜ್ಜಿ ಅಂಚೆಲ್ಲ ಮೊಂಡಾಗಿರುತ್ತೆ, ಪುಡಿ ಉದುರಿರುತ್ತೆ. ಇದರ ಅಂಚು ಬ್ಲೇಡಿನ ಹಾಗಿದೆ. ಒಡೆದು ಐದು ನಿಮಿಷ ಆಗಿಲ್ಲ, ಫೋಟೋ ತೆಗೆದಿದಾನೆ."

ತಂಗಿ ಒದ್ದೆ ಬಟ್ಟೆಯಿಂದ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

"ತಟ್ಟೆ ನೇತುಹಾಕೋ ದಂಡ ಬೇರೆ ಸುತ್ತಿ ಕಳಿಸಿದ್ದೆ ತಾನೇ?"

"ಹೌದು. ದಂಡ ಬೇರೆ, ತಟ್ಟೆಗಳು ಬೇರೆ, ತೂಕದ ಬಟ್ಟುಗಳ ಡಬ್ಬಿ ಬೇರೆ. ಅವರು ಯಾವಾಗ್ಲೂ ಹಾಗೇ ಸುತ್ತುತಿದ್ರು."

"ಇದರಲ್ಲಿ ದಂಡ ಏರಿಸಿದೆ, ತಟ್ಟೆ ನೇತಾಡ್ತಿದೆ. ಗಾಜು ಒಡೆದಿರೋದು ಕಂಡವನು ಮೊದಲು ಫೋಟೋ ತೆಗೀತಾನೋ, ಕೂತ್ಕೊಂಡು ಅರ್ಧ ಗಂಟೆ ಇದನ್ನೆಲ್ಲ ಜೋಡಿಸ್ತಾನೋ? ನಮ್ಮ ಕಿವಿ ಮೇಲೆ ಹೂವಿಡೋಕೆ ನೋಡ್ತಿದಾನೆ."

ಇಷ್ಟು ಹೇಳಿ ಮೊಬೈಲು ಕೆಳಗಿಡಬೇಕೆಂದಿದ್ದವಳು ಇಡಲಿಲ್ಲ. ಮೂರನೆಯ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ತಕ್ಕಡಿಯ ಪೀಠದ ಮೇಲೆ ಬಟಾಣಿ ಕಾಳಿನಷ್ಟು ದೊಡ್ಡ ರಸಮಟ್ಟವಿತ್ತು. ಅದರೊಳಗಿನ ಗಾಳಿಗುಳ್ಳೆ ನಡುವಿನ ಕಪ್ಪು ಉಂಗುರದೊಳಗೆ ನಿಂತರೆ ತಕ್ಕಡಿ ಸಮವಾಗಿ ಕೂತಿದೆ ಎಂದು ಲೆಕ್ಕ.

ಗುಳ್ಳೆ ನಡುವೆ ನಿಂತಿತ್ತು. ಒಂದು ಎಳ್ಳಿನಷ್ಟು ಆಚೆಯಿಲ್ಲ, ಈಚೆಯಿಲ್ಲ. ಎರಡನೆಯ ಫೋಟೋದಲ್ಲೂ ಹಾಗೆಯೇ, ಮೊದಲನೆಯದರಲ್ಲೂ ಹಾಗೆಯೇ. ಆದರೆ ತಕ್ಕಡಿಯ ಕೆಳಗಿನ ಮೇಜು ಕಣ್ಣಿಗೆ ಕಾಣುವಷ್ಟು ವಾಲಿತ್ತು.

ದುಡ್ಡಿಗಾಗಿ ಗಾಜು ಒಡೆದು ಫೋಟೋ ತೆಗೆಯುವ ಕಳ್ಳ, ವಾಲಿದ ಮೇಜಿನ ಮೇಲೆ ಪೀಠದ ಕಾಲಿನ ತಿರುಪು ತಿರುಗಿಸಿ ತಿರುಗಿಸಿ ತಕ್ಕಡಿಯನ್ನು ಸಮ ಮಾಡುತ್ತಾನೆಯೇ? ಹಾಗೆ ಮಾಡದಿದ್ದರೆ ಊಟ ಸೇರದ ಒಬ್ಬನೇ ಒಬ್ಬ ಮನುಷ್ಯ ಒಡಕಮ್ಮನಿಗೆ ಗೊತ್ತಿದ್ದ. ತಂಗಿಯ ಮದುವೆಯ ಮಾತುಕತೆಗೆ ಬಂದ ದಿನವೇ ಅವನು ಟೀ ಕುಡಿಯದೆ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ರಟ್ಟಿನ ಚೂರು ಸಿಕ್ಕಿಸುತ್ತ ಕೂತಿದ್ದ. ರಟ್ಟನ್ನು ಎಲ್ಲರ ಹಾಗೆ ಮಡಿಸುವುದಿಲ್ಲ, ಮೂರು ಮೂಲೆಯಾಗಿ ಕತ್ತರಿಸುತ್ತಾನೆ. ಚೂಪು ತುದಿಯಿಂದ ತಳ್ಳಿದರೆ ಬೇಕಾದಷ್ಟೇ ಏರುತ್ತದೆ ಎಂದು ಅಂದು ಅವಳಿಗೆ ಪಾಠ ಬೇರೆ ಹೇಳಿದ್ದ.

ಅವನು ಬದುಕಿದ್ದರೆ, ಸಂಜೆಯೊಳಗೆ ಅವನ ಕತ್ತಿನಪಟ್ಟಿ ಹಿಡಿದು ತಂದು ಸ್ಟೇಷನ್ನಿನಲ್ಲಿ ನಿಲ್ಲಿಸಿದರೆ, ತಂಗಿ ಉಳಿದುಕೊಂಡಳು.

ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸುಳ್ಳಾದರೆ ತಂಗಿ ಎರಡನೇ ಸಲ ಗಂಡನನ್ನು ಕಳೆದುಕೊಂಡ ಹಾಗಾಗುತ್ತದೆ ಎಂದು ಅವಳಿಗೆ ಭಯವಾಯಿತು.

"ನಿನ್ನ ಪರಿಸ್ಥಿತಿ ಅವನಿಗೆ ಹೇಗೆ ಗೊತ್ತು?" ಎಂದಷ್ಟೇ ಕೇಳಿದಳು. "ಮಾರೋವಾಗ ನಿನ್ನ ಹೆಸರು ಹಾಕಿದ್ಯಾ, ಗಂಡನ ವಿಷಯ ಬರೆದಿದ್ಯಾ?"

"ಇಲ್ಲ." ಅಕ್ಕ ಹೊರಡಲು ಎದ್ದದ್ದು ಕಂಡು ತಂಗಿಯ ಮುಖ ಬಿಳಿಚಿಕೊಂಡಿತು. "ಬಿಟ್ಟುಬಿಡು ಅಕ್ಕ. ಹೋಗ್ಬೇಡ. ನಾನು ಸ್ಟೇಷನ್ನಿಗೆ ಒಬ್ಬಳೇ ಹೋಗಿ ಬರ್ತೀನಿ, ನೀನು ಮನೇಲಿರು."

"ಪಾರ್ಸಲ್ ರಸೀದಿ ಎಲ್ಲಿ? ವಿಳಾಸ ಅದರಲ್ಲಿರುತ್ತೆ."

ತಂಗಿ ರಸೀದಿ ಕೊಡಲು ತುಂಬಾ ಹೊತ್ತು ಹುಡುಕಿದಳು.

*

ಬಸ್ಸು ಸಿಕ್ಕಿದ್ದು ಎರಡು ಗಂಟೆಗೆ, ಅದು ಎರಡೂವರೆ ಗಂಟೆ ತೆಗೆದುಕೊಂಡಿತು. ವಿಳಾಸದ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತ್ತು. ನಾಲ್ಕನೆಯ ಮಹಡಿಯ ಓಣಿಯುದ್ದಕ್ಕೂ ಒಣಗದ ನೆಲಬಟ್ಟೆಯ ವಾಸನೆ. ಒಡಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೆಲ್ಲು ಒತ್ತಿದಳು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

"ತಕ್ಕಡಿ ಮಾರಿದವರ ಅಕ್ಕ ನಾನು. ಒಡೆದಿರೋದನ್ನ ಒಂದ್ಸಲ ಕಣ್ಣಾರೆ ನೋಡಿ, ಹಣ ಕೈಗೇ ಕೊಟ್ಟು ಹೋಗೋಣ ಅಂತ ಬಂದೆ."

ಹಣ ಎಂಬ ಮಾತಿಗೆ ಸರಪಳಿ ತಾನಾಗಿ ಕಳಚಿಕೊಂಡಿತು.

ಪ್ರಾಮಾಣಿಕ ಐವತ್ತರ ಆಸುಪಾಸಿನ, ಮೆತ್ತಗಿನ, ಸದಾ ಒದ್ದೆಯಾಗಿರುವ ಕೈಗಳ ಮನುಷ್ಯ. ಆ ಕೈಗಳನ್ನು ಒಂದಕ್ಕೊಂದು ತೊಳೆಯುವ ಹಾಗೆ ಉಜ್ಜುತ್ತ, "ಅಯ್ಯೋ, ಅಷ್ಟು ದೂರದಿಂದ ನೀವ್ಯಾಕೆ ಬರೋಕೆ ಹೋದ್ರಿ, ಮೊಬೈಲಲ್ಲೇ ಹಾಕಿದ್ರೆ ಆಗ್ತಿತ್ತು," ಎಂದು ಹಲ್ಲು ಕಿಸಿದ.

ಹಾಲಿಗೆ ಕಾಲಿಟ್ಟವಳು ಸಾಮಾನುಗಳನ್ನು ಒಂದೊಂದಾಗಿ ನೋಡಿದಳು. ಟೀವಿಯ ಮೇಲಿನ ಮೂಲೆಯಲ್ಲಿ ಉಗುರಿನಷ್ಟು ಬಿರುಕು. ಸೋಫಾದ ಹಿಂಬದಿ ಒಂದು ಗೇಣು ಹರಿದಿದೆ, ಕೂರುವ ಕಡೆ ಹೊಸದು. ಫ್ರಿಜ್ಜಿನ ಬಾಗಿಲ ಕೆಳಗೆ ಒಂದು ತಗ್ಗು. ಗೋಡೆ ಗಡಿಯಾರದ ಚೌಕಟ್ಟು ಸೀಳಿದೆ, ಮುಳ್ಳು ಸರಿಯಾಗಿ ಓಡುತ್ತಿದೆ. ಪ್ರತಿಯೊಂದಕ್ಕೂ ಒಂದೊಂದೇ ಗಾಯ, ಅದೂ ಕೆಲಸಕ್ಕೆ ಅಡ್ಡಿಯಾಗದ ಜಾಗದಲ್ಲಿ. ಮೂವತ್ತೊಂದು ವರ್ಷ ಇಂಥವರು ಒಬ್ಬೊಬ್ಬರಾಗಿ ಅವಳ ಮೇಜಿನ ಮುಂದೆ ಬಂದು ಅತ್ತು ಹೋಗಿದ್ದರು. ಅವರ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು.

"ಎಲ್ಲಾ ಅರ್ಧ ರೇಟಿಂದು ಅನ್ನಿ," ಎಂದಳು.

"ಏನು ಮಾಡೋದು ಮೇಡಂ, ನನ್ನ ಹಣೇಬರಹ. ನಾನು ಏನು ತರಿಸಿದ್ರೂ ಒಡೆದೇ ಬರುತ್ತೆ."

"ಕೆಲವರ ಕೈಗುಣ."

ಅವನು ಟೀ ತಂದುಕೊಟ್ಟ. ಕಪ್ಪಿನ ಅಂಚಿನಲ್ಲಿ ಒಂದು ಚಿಕ್ಕ ಚಕ್ಕೆ ಎದ್ದಿತ್ತು. ಅವಳು ಅದನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟಳು.

ತಕ್ಕಡಿ ಹಾಲಿನ ಕೊನೆಯಲ್ಲಿ, ಮುಚ್ಚಿದ ಒಂದು ಕೋಣೆಯ ಬಾಗಿಲ ಪಕ್ಕದ ಮೇಜಿನ ಮೇಲಿತ್ತು. ಒಡಕಮ್ಮ ಹತ್ತಿರ ಹೋಗಿ ಬಗ್ಗಿದಳು. ಗುಳ್ಳೆ ನಡುವೆಯೇ ಇತ್ತು. ಪೀಠದ ಒಂದು ಕಾಲಿನ ತಿರುಪು ಪೂರ್ತಿ ಎತ್ತಿದರೂ ಸಾಲದೆ, ಅದರಡಿ ಒಂದು ರಟ್ಟಿನ ಚೂರು ಸಿಕ್ಕಿಸಿದ್ದರು. ಮೂರು ಮೂಲೆಯದು.

ಒಡಕಮ್ಮ ಸೊಂಟ ಹಿಡಿದ ಮುದುಕಿಯ ಹಾಗೆ ನಟಿಸುತ್ತ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಸುತ್ತ ನೋಡಿದಳು. ಊಟದ ಮೇಜಿನ ಕಾಲಿನಡಿ ಮೂರು ಮೂಲೆಯ ರಟ್ಟು. ಟೀವಿ ಸ್ಟ್ಯಾಂಡಿನಡಿ ಒಂದು. ಫ್ರಿಜ್ಜಿನಡಿ ಎರಡು. ಚಪ್ಪಲಿಯ ಗೂಡನ್ನೂ ಬಿಟ್ಟಿರಲಿಲ್ಲ. ಸತ್ತನೆಂದು ತಂಗಿ ನಲವತ್ತೊಂದು ದಿನ ಅನ್ನ ಬಿಟ್ಟು ಅತ್ತಿದ್ದಳು. ಈ ಮಹಾಶಯ ಇಲ್ಲಿ ಕಂಡವರ ಫ್ರಿಜ್ಜನ್ನು ಸಮತಟ್ಟು ಮಾಡುತ್ತ ಕೂತಿದ್ದ. ಅವಳಿಗೆ ಸಂತೋಷವಾಗಬೇಕಿತ್ತು. ಆದದ್ದು ವಾಕರಿಕೆ.

ಕೋಣೆಯ ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳೊಂದು ಅತ್ತಿತ್ತ ಸರಿಯಿತು. ಎದ್ದು ಬಾಗಿಲು ಬಡಿಯಬಹುದಿತ್ತು. ಬಡಿದರೆ ಆ ಕಡೆ ಬಾಲ್ಕನಿ ಇದ್ದೀತು, ಹಿಂದಿನ ಮೆಟ್ಟಿಲು ಇದ್ದೀತು. ತಾನಾಗಿ ಹೊರಗೆ ಬರುವ ಹಾಗೆ ಮಾಡಬೇಕು.

"ಇದನ್ನ ಇಲ್ಲಿ ನಿಲ್ಲಿಸಿದ್ದು ಯಾರು?" ಎಂದು ಎದ್ದು ನಿಂತು ಕೇಳಿದಳು, ಸ್ವಲ್ಪ ಗಟ್ಟಿಯಾಗಿ.

"ನಾನೇ ಮೇಡಂ. ಬೇರೆ ಯಾರಿದಾರೆ ಈ ಮನೇಲಿ."

"ದಂಡ ಏರಿಸಿದ್ದೂ ನೀವೇ?"

"ನಾನೇ."

"ಹಾಗಾದ್ರೆ ಇಳಿಸಿ. ಅಲಗು ನೋಡ್ಬೇಕು. ಅದಕ್ಕೆ ಪೆಟ್ಟು ಬಿದ್ದಿದ್ರೆ ಅರ್ಧ ಯಾಕೆ, ಪೂರ್ತಿ ಹಣ ವಾಪಸ್ ಕೊಡ್ತೀನಿ."

ಪೂರ್ತಿ ಎಂದದ್ದೇ ತಡ, ಪ್ರಾಮಾಣಿಕನ ಕಣ್ಣಲ್ಲಿ ದೀಪ ಹತ್ತಿತು. ಅಲಗು ಎಂದರೆ ದಂಡ ಕೂರುವ ಸೂಕ್ಷ್ಮವಾದ ಅಂಚು. ಅದರ ಮೇಲಿಂದ ದಂಡವನ್ನು ಎತ್ತುವ ಮೊದಲು ಪೀಠದ ಗುಬುಟು ತಿರುಗಿಸಿ ಭದ್ರ ಮಾಡಬೇಕೆಂದು ತಕ್ಕಡಿ ಕೆಲಸದವರ ಮನೆಯ ಬೆಕ್ಕಿಗೂ ಗೊತ್ತಿರುತ್ತದೆ. ಅವನು ಗುಬುಟಿನ ಕಡೆ ನೋಡಲೂ ಇಲ್ಲ. ಒದ್ದೆ ಬೆರಳುಗಳಿಂದ ದಂಡವನ್ನು ಹಿಡಿದು ಎಳೆದ. ಲೋಹಕ್ಕೆ ಲೋಹ ಕೆರೆದ ಸದ್ದು ಬಂತು.

ಬಾಗಿಲಡಿಯ ನೆರಳು ನಿಂತಿತು.

"ಬರ್ತಿಲ್ಲ ಮೇಡಂ. ಬಿಗಿಯಾಗಿದೆ."

"ಇನ್ನೂ ಸ್ವಲ್ಪ ಎಳೀರಿ. ಈ ಬಟ್ಟುಗಳೂ ಡೊಂಕಾಗಿರೋ ಹಾಗಿದೆ, ನೋಡ್ತೀನಿ ಇರಿ."

ತೂಕದ ಬಟ್ಟುಗಳ ಡಬ್ಬಿ ಪಕ್ಕದಲ್ಲೇ ಇತ್ತು. ಹಿತ್ತಾಳೆಯ ಪುಟ್ಟ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಅವನ್ನು ಚಿಮಟದಲ್ಲಲ್ಲದೆ ಕೈಯಲ್ಲಿ ಮುಟ್ಟುವಂತಿಲ್ಲ, ಬೆವರು ಹತ್ತಿದರೆ ತೂಕ ಬದಲಾಗುತ್ತದೆ ಎಂದು ತಂಗಿಯ ಮನೆಯಲ್ಲಿ ಇಪ್ಪತ್ತು ವರ್ಷ ಕೇಳಿಸಿಕೊಂಡದ್ದು. ಒಡಕಮ್ಮ ತಾನು ಕುಡಿಯದೆ ಬಿಟ್ಟ ಟೀ ಕಪ್ಪನ್ನು ತಂದು, ಹೆಬ್ಬೆರಳನ್ನು ಅದರಲ್ಲಿ ಅದ್ದಿದಳು. ಒಂದು ಬಟ್ಟನ್ನು ಹಿಡಿದು ಒಂದು ಗೇಣು ಮೇಲಿಂದ ತಟ್ಟೆಯ ಮೇಲೆ ಬಿಟ್ಟಳು.

ಟಣ್ ಎಂದಿತು.

ಇನ್ನೊಂದು ಬಿಟ್ಟಳು. ದಂಡ ಓಲಾಡಿ ಅಲಗಿನ ಮೇಲೆ ಕಿರಗುಟ್ಟಿತು. ಮೂರನೆಯದು ತಟ್ಟೆ ತಪ್ಪಿ ನೆಲಕ್ಕೆ ಬಿದ್ದು ಉರುಳಿತು.

"ಅಯ್ಯೋ, ಬಿತ್ತಲ್ಲ," ಎಂದು ಬಾಗಿಲಿಗೆ ಕೇಳುವಂತೆ ಹೇಳಿ, ಅದನ್ನು ಚಪ್ಪಲಿ ಕಾಲಿನಿಂದ ಒತ್ತಿ ಹಿಡಿದಳು.

ಕೋಣೆಯ ಬಾಗಿಲು ತೆರೆಯಿತು.

"ಕೈಲಿ ಮುಟ್ಬೇಡಿ ಅತ್ತಿಗೆ," ಎಂದಿತು ಇಪ್ಪತ್ತು ವರ್ಷದಿಂದ ಕೇಳಿದ ದನಿ. "ದಮ್ಮಯ್ಯ ಅಂತೀನಿ, ಕಾಲು ತೆಗೀರಿ."

ತಂಗಿಯ ಗಂಡ, ಆ ತಕ್ಕಡಿಯವನು, ಮೀಸೆ ಬೋಳಿಸಿದ್ದ. ಪ್ರಾಮಾಣಿಕನ ದೊಗಲೆ ಅಂಗಿ ಹಾಕಿದ್ದ. ಎದೆಯ ಜೇಬಿನಲ್ಲಿ ಚಿಮಟ ಇತ್ತು. ಅವಳ ಮುಖ ನೋಡಲಿಲ್ಲ, ನೇರವಾಗಿ ಮಂಡಿಯೂರಿ ಅವಳ ಚಪ್ಪಲಿಯಡಿಯ ಬಟ್ಟಿಗೆ ಚಿಮಟ ಹಾಕಿದ.

ಒಡಕಮ್ಮ ಕಾಲು ತೆಗೆಯಲಿಲ್ಲ.

"ಎದ್ದು ನಿಂತ್ಕೋ. ಮೊದಲು ನನ್ನ ಮುಖ ನೋಡು."

ನೋಡಿದ. ಆರೋಗ್ಯವಾಗಿದ್ದ, ಹಾಳಾಗಿ ಹೋದವನು. ಕೆನ್ನೆ ಸ್ವಲ್ಪ ತುಂಬಿಕೊಂಡೂ ಇತ್ತು.

"ನೀವು ಹೇಗೆ..." ಎಂದು ಶುರು ಮಾಡಿದವನ ಕಣ್ಣು ಪೆಟ್ಟಿಗೆಯ ಒಡೆದ ಮಗ್ಗುಲಿಗೆ ಹೊರಳಿತು. "ಈ ದರಿದ್ರ ಗಾಜೊಂದು. ಕಿಟಕಿ ಬಾಗಿಲು ಗಾಳಿಗೆ ಬಡಿದು ಒಡೀತಂತೆ. ಹೊಸದು ಹಾಕ್ಬೇಕು."

"ಗಾಳಿ ಅಲ್ಲ, ನಿನ್ನ ಸ್ನೇಹಿತ. ಒಡೆದು, ಫೋಟೋ ತೆಗೆದು, ನಿನ್ನ ಹೆಂಡತಿ ಹತ್ರ ಅರ್ಧ ದುಡ್ಡು ವಾಪಸ್ ಕೇಳಿದಾನೆ. ಆ ಫೋಟೋದಲ್ಲಿ ಗುಳ್ಳೆ ನಡುವೆ ನಿಂತಿತ್ತು. ಅದಕ್ಕೇ ಬಂದೆ."

ತಕ್ಕಡಿಯವನು ಪ್ರಾಮಾಣಿಕನ ಕಡೆ ತಿರುಗಿದ. ನಲವತ್ತೊಂದು ದಿನದಲ್ಲಿ ಅವನಿಗೆ ಯಾವುದಾದರೂ ವಿಷಯಕ್ಕೆ ಸಿಟ್ಟು ಬಂದಿದ್ದರೆ ಅದು ಆ ಗಳಿಗೆಯಲ್ಲಿ ಬಂತು.

"ಒಡೆದ್ಯಾ? ಬೇಕೂಂತ ಒಡೆದ್ಯಾ ನೀನು?"

"ಒಂದು ಗಾಜು ತಾನೇ," ಎಂದ ಪ್ರಾಮಾಣಿಕ, ಕೈ ಉಜ್ಜುತ್ತ. "ನಿನಗೋಸ್ಕರ ನನ್ನ ದುಡ್ಡು ಹಾಕಿ ಕೊಂಡ್ಕೊಟ್ಟೆ. ಓದುವಾಗಿನ ಗೆಳೆಯ ಅಂತ ನಲವತ್ತು ದಿನದಿಂದ ಅನ್ನ ಹಾಕ್ತಿದೀನಿ. ನನಗೂ ಸ್ವಲ್ಪ ಗಿಟ್ಟಬಾರ್ದಾ?"

"ಅಭ್ಯಾಸ ಬಲ," ಎಂದಳು ಒಡಕಮ್ಮ. "ಬಚ್ಚಿಟ್ಟ ಹೆಣದ ಹತ್ರಾನೂ ಅರ್ಧ ಬಾಡಿಗೆ ಕೇಳೋ ಜಾತಿ ನೀನು. ಸುಮ್ನೆ ಆ ಕಡೆ ಕೂತ್ಕೋ."

ಅವನು ಹರಿದ ಸೋಫಾದ ಮೇಲೆ ಕೂತ. ಒಡಕಮ್ಮ ಮೈದುನನ ಎದುರು ಕುರ್ಚಿ ಎಳೆದುಕೊಂಡಳು.

"ಯಾಕೆ ಓಡಿ ಬಂದೆ?"

"ಅಲ್ಲಿ ಉಸಿರು ಕಟ್ತಿತ್ತು ಅತ್ತಿಗೆ."

"ಉಸಿರು ಕಟ್ಟಿದವನು ಕಿಟಕಿ ತೆಗೀತಾನೆ. ಚೀಲ ಕಾಲುವೆ ದಂಡೆ ಮೇಲೆ ಇಟ್ಟು ಬರಲ್ಲ."

ಅವನು ಚಿಮಟದಿಂದ ಬಟ್ಟನ್ನೆತ್ತಿ ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ.

"ಹೆಂಡತಿ ಬೇಡವಾಗಿದ್ಲು. ತಕ್ಕಡಿ ಮಾತ್ರ ಬೇಕಾಗಿತ್ತು, ಅಲ್ವಾ?"

"ಮೊಬೈಲಲ್ಲಿ ಹಾಕಿದ್ದು ನೋಡ್ದೆ. ಯಾರ್ಯಾರೋ ಕೈ ಹಾಕ್ತಾರೆ ಅಂತ ತಡ್ಕೊಳೋಕಾಗ್ಲಿಲ್ಲ."

ಇದನ್ನು ಅವನು ನಾಚಿಕೆಯಿಲ್ಲದೆ, ಎಲ್ಲರಿಗೂ ಹಾಗೇ ಆಗುತ್ತದೆ ಎಂಬಂತೆ ಹೇಳಿದ. ಒಡಕಮ್ಮನಿಗೆ ತಂಗಿಯ ನೆನಪಾಯಿತು. ಒರೆಸಿದ ಮೇಜನ್ನೇ ಒರೆಸುತ್ತಿದ್ದ ಆ ಕೈ, ಬಾತುಕೊಂಡ ಆ ಕಣ್ಣು. ಎದ್ದು ಇವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು, ಆದರೆ ಇವನನ್ನು ಮುಟ್ಟುವುದೂ ಬೇಡವೆನಿಸಿತು.

"ನೀನು ಸತ್ತಿದೀಯ, ಅವಳೇ ಕೊಂದಿದಾಳೆ ಅಂತ ಪೊಲೀಸ್ರು ಅವಳ ಹಿಂದೆ ಬಿದ್ದಿದಾರೆ. ಗೊತ್ತಾ?"

"ಪೇಪರಲ್ಲಿ ಓದ್ದೆ."

"ಓದಿದ್ಯಾ?"

"ಹೂಂ."

"ಓದಿ ಏನು ಮಾಡ್ದೆ?"

ಅವನು ಏನು ಮಾಡಿದ್ದನೆಂದು ಆ ಮನೆಯ ಪ್ರತಿಯೊಂದು ಮೇಜಿನ ಕಾಲಿನಡಿ ಕಾಣುತ್ತಲೇ ಇತ್ತು. ಒಡಕಮ್ಮ ಒಡೆದ ಸಾಮಾನು ತಂದು ಕಣ್ಣೀರು ಹಾಕುತ್ತಿದ್ದ ಸಾವಿರ ಜನ ಕಳ್ಳರನ್ನು ನೋಡಿದ್ದಳು. ಅವರಲ್ಲಿ ಒಬ್ಬನೂ ಇಷ್ಟು ಅಸಹ್ಯವಾಗಿ ಕಂಡಿರಲಿಲ್ಲ.

"ಚಪ್ಪಲಿ ಹಾಕ್ಕೋ. ಈಗಲೇ ಹೊರಡೋದು. ಒಂದೂವರೆಯಿಂದ ಅವಳು ಸ್ಟೇಷನ್ನಲ್ಲಿ ಕೂತಿದಾಳೆ. ನಿನ್ನನ್ನ ಅಲ್ಲಿ ನಿಲ್ಲಿಸಿ, ಇವನೇ ಸತ್ತವನು, ನೋಡ್ಕೊಳ್ಳಿ ಅಂತೀನಿ. ಆಮೇಲೆ ನೀನು ಯಾವ ಗುಂಡಿಗೆ ಬೇಕಾದ್ರೂ ಹೋಗಿ ಬೀಳು."

"ಆಯ್ತು," ಎಂದ ಅವನು. ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. "ಬರ್ತೀನಿ. ಬಟ್ಟು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕ್ತೀನಿ, ಐದು ನಿಮಿಷ."

ಗಡಿಯಾರ ಐದೂಮುಕ್ಕಾಲು ತೋರಿಸುತ್ತಿತ್ತು. ತಂಗಿಗೆ ಒಂದು ಮಾತು ತಿಳಿಸಿದರೆ ಆ ಜೀವಕ್ಕೆ ಸಮಾಧಾನವಾಗುತ್ತದೆ ಎಂದು ಒಡಕಮ್ಮ ಮೊಬೈಲು ತೆಗೆದಳು. ಅತ್ತ ಬೆಲ್ಲು ತುಂಬಾ ಹೊತ್ತು ಹೋಯಿತು. ಕೊನೆಗೆ ಎತ್ತಿದ್ದು ಗಂಡಸಿನ ದನಿ.

"ಹೇಳಿ. ಇನ್‌ಸ್ಪೆಕ್ಟರ್ ಮಾತಾಡ್ತಿರೋದು. ಈ ಫೋನ್ ಈಗ ನಮ್ಮ ಹತ್ರ ಇದೆ."

"ನಾನು ಅವಳ ಅಕ್ಕ ಸಾರ್. ಅವಳಿಗೆ ಫೋನ್ ಕೊಡಿ, ಒಂದು ಮುಖ್ಯವಾದ ವಿಷಯ..."

"ನಿಮಗೆ ನಾನೇ ಫೋನ್ ಮಾಡೋನಿದ್ದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಮ್ಮ. ನಿಮ್ಮ ತಂಗಿ ಒಪ್ಕೊಂಡ್ರು."

"ಏನನ್ನ ಒಪ್ಕೊಂಡ್ಲು?"

"ಗಂಡನ್ನ ಕೊಂದಿದ್ದು ತಾನೇ ಅಂತ. ಎರಡೂವರೆಗೆ ಬರೆದು ಸಹಿ ಹಾಕಿದ್ರು. ನಾವು ಹೊಡೀಲಿಲ್ಲ, ಬಡೀಲಿಲ್ಲ. ಕೂತವರೇ ಒಂದು ಲೋಟ ನೀರು ಕೇಳಿ, ಕುಡಿದು, ಹೇಳೋಕೆ ಶುರು ಮಾಡಿದ್ರು."

ಒಡಕಮ್ಮ ಎದುರಿಗೆ ಕೂತವನನ್ನು ನೋಡಿದಳು. ಅವನು ನಾಲಿಗೆಯ ತುದಿ ಹೊರಗೆ ಚಾಚಿಕೊಂಡು, ಅತಿ ಚಿಕ್ಕ ಬಟ್ಟನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸುತ್ತಿದ್ದ. ಉಸಿರಾಡುತ್ತಿದ್ದ.

"ಸಾರ್, ಅವಳಿಗೆ ತಲೆ ಕೆಟ್ಟಿದೆ. ಹೆದರಿ ಏನೋ ಹೇಳಿದಾಳೆ. ಸ್ವಲ್ಪ ಕೇಳಿ ಇಲ್ಲಿ..."

"ತಲೆ ಕೆಟ್ಟವರು ಜಾಗ ಅಷ್ಟು ಸರಿಯಾಗಿ ತೋರಿಸಲ್ಲ. ವರ್ಕ್‌ಶಾಪಿನ ಹಿಂದಿನ ಶೆಡ್ಡಿಗೆ ಅವರೇ ಕರ್ಕೊಂಡು ಹೋದ್ರು. ಹೊಸ ಸಿಮೆಂಟು ಅಗೆಸಿದ್ವಿ. ಈಗ ಅರ್ಧ ಗಂಟೆ ಆಯ್ತು ಹೆಣ ಹೊರಗೆ ತೆಗೆದು. ಗಂಡಸಿನ ಹೆಣ."

ಅವಳು ಏನು ಹೇಳಬೇಕೆಂದು ಫೋನ್ ಮಾಡಿದ್ದಳೋ ಅದನ್ನು ಈಗ ಹೇಳಿದರೆ ತಂಗಿ ಉಳಿಯುವಳೋ ಮುಳುಗುವಳೋ ತಿಳಿಯಲಿಲ್ಲ. ಗಂಡನನ್ನು ಕೊಂದಳೆಂಬ ಸುಳ್ಳಿನಿಂದ ಬಿಡಿಸಿದರೆ ಬೇರೆ ಯಾರನ್ನೋ ಕೊಂದ ನಿಜಕ್ಕೆ ಒಪ್ಪಿಸಿದ ಹಾಗಾಗುತ್ತಿತ್ತು.

"ಅಮ್ಮ? ಕೇಳಿಸ್ತಿದೆಯಾ?" ಎಂದ ಇನ್‌ಸ್ಪೆಕ್ಟರ್. "ನೀವು ಈಗ ಎಲ್ಲಿದೀರಿ?"

ಅವಳು ಫೋನನ್ನು ಕಿವಿಯಿಂದ ಇಳಿಸಿದಳು. ಬೆರಳು ತಾನಾಗಿ ಕರೆಯನ್ನು ಕತ್ತರಿಸಿತು.

"ಏನಂತೆ?" ಎಂದ ತಕ್ಕಡಿಯವನು, ತಲೆ ಎತ್ತದೆ.

"ನಿಮ್ಮ ಶೆಡ್ಡಿನ ನೆಲದಡಿ ಒಂದು ಹೆಣ ಸಿಕ್ಕಿದೆಯಂತೆ."

ಸೋಫಾದ ಮೇಲಿದ್ದ ಪ್ರಾಮಾಣಿಕ ಬಾಯಿ ತೆರೆದುಕೊಂಡು ಎದ್ದು ನಿಂತ. "ಹೆಣಾನಾ? ಯಾರದು?" ಎಂದ.

ತಕ್ಕಡಿಯವನು ಯಾರದೆಂದು ಕೇಳಲಿಲ್ಲ. ಕೊನೆಯ ಬಟ್ಟನ್ನು ಡಬ್ಬಿಯೊಳಗೆ ಅದರ ಕುಳಿಯಲ್ಲಿ ಕೂರಿಸಿ, ಮುಚ್ಚಳ ಹಾಕಿದ. ಆಮೇಲೆ ನಿಧಾನವಾಗಿ ಎದ್ದು ಹೋಗಿ, ಹೊರಬಾಗಿಲಿನ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಆ ಹೆಣ ನಂದೇ ಆಗಿರ್ಲಿ ಅತ್ತಿಗೆ," ಎಂದ.